ಸೈಕಲ್ ಬಾರ್ಸಿದಾಂವ

1963ರಾಗ ಅಮೆರಿಕಾದ ಟಿವಿಯೊಳಗ ಸ್ಟೀವ್ ಆಲನ್ ಅನ್ನೋವ್ರ ಕಾರ್ಯಕ್ರಮಕ್ಕ ಒಬ್ಬ 22 ವರ್ಷದ ಹುಡುಗ ಬಂದಿದ್ದಾ. ಕೋಟು, ಟೈ, ನುಣ್ಣಗ ಬೋಳಿಸಿದ ಗಲ್ಲ, ಕನ್ಯಾ ನೋಡ್ಲಿಕ್ಕೆ ಬಂದ ವರನ ಗತೆ ಸಂಭಾವಿತ. ಬಾರಿಸ್ಲಿಕ್ಕೆ ತಂದಿದ್ದು ಮಾತ್ರ ಸೈಕಲ್. ಚಕ್ರದ ಕಡ್ಡಿ ಮೀಟಿದಾ, ಪಿಟೀಲಿನ ಕಮಾನು ತಗೊಂಡು ಉಜ್ಜಿದಾ, ಹ್ಯಾಂಡಲ್ ತುದಿಗೆ ಬಾಯಿ ಹಚ್ಚಿ ಊದಿದಾ. ಮಂದಿ ಬಿದ್ದು ಬಿದ್ದು ನಕ್ಕರು. ಸ್ಟೀವ್ ಆಲನ್ ಅಂತೂ ಅವನ್ನ ಭಾಳ ಚಾಷ್ಟಿ ಮಾಡಿದಾ. ಹುಡುಗನೂ ಸಣ್ಣಗ ನಗ್ತಿದ್ದಾ, ಆದ್ರ ಯಾವ ಕಡ್ಡಿ ಮುಟ್ಟಿದ್ರ ಎಂಥಾ ಸಪ್ಪಳ ಬರ್ತದ ಅನ್ನೋದು ಅವಂಗ ಮೊದಲ ಗೊತ್ತಿತ್ತು. ನಗೋವ್ರು ನಗಲಿ, ನನ್ನ ಕೆಲಸ ನಾ ಮಾಡ್ತೀನಿ ಅನ್ನೋ ಹಂಗ ಇದ್ದಾ.

ಅವನ ಹೆಸರು ಫ್ರ್ಯಾಂಕ್ ಝಪ್ಪಾ. ಮುಂದ ಅಮೆರಿಕಾದ ರಾಕ್ ಸಂಗೀತದೊಳಗ ಎಲ್ಲಾರಕಿಂತ ವಿಚಿತ್ರ ಮನಷ್ಯಾ ಅಂತ ಹೆಸರಾದಾಂವ. ಉದ್ದ ಕೂದಲಾ, ತುಟಿ ಕೆಳಗೊಂದು ಚೌಕ ಗಡ್ಡದ ತುಣುಕು, ಹುಬ್ಬು ಗಂಟು ಹಾಕಿದ ಮಾರಿ. ಫೋಟೋ ನೋಡಿದ್ರ "ಇಂವಾ ಯಾರ್ ಮನಿ ಹಾಳ ಮಾಡ್ಲಿಕ್ಕೆ ಬಂದಾನ" ಅನಿಸ್ತದ.

ಅವನ ಸುದ್ದಿ ನಾ ಯಾಕ ಬರೀಲಿಕ್ಕೆ ಹತ್ತೀನಿ ಅಂದ್ರ, ನಮ್ಮ ಮಗಾ ಡ್ರಮ್ ಕಲೀಲಿಕ್ಕೆ ಹತ್ತಿ ಎರಡು ವರ್ಷ ಆತು. ಇದು ಬಾಜೂ ಮನಿ ವೈನಿಗೆ, ಮ್ಯಾಲಿನ ಮನಿ ಕಾಕುಗೆ ನಾ ಹೇಳೋದು ಬ್ಯಾಡ, ಗ್ವಾಡಿನ ಹೇಳ್ತದ. ಮಗಾ ಈ ಝಪ್ಪಾನ ಹಾಡು ದಿನಾ ಹಚ್ತಾನ. "ಅದೇನವಾ ನಿಮ್ಮನ್ಯಾಗ, ಭಾಂಡೆ ಬಿದ್ದಂಗ ಸಪ್ಪಳಾ" ಅಂತ ಕಾಕು ಮೂರು ಸಲೆ ಕೇಳಿದ್ರು. ಪಲ್ಯಾ ಸೋಸ್ಕೋತ, ಅರಿವಿ ಮಡಚ್ಕೋತ ಕೇಳಿ ಕೇಳಿ ನಂಗೂ ಅವನ ಹುಚ್ಚು ಹತ್ಯದ. ಹುಚ್ಚು ಹತ್ತಿದ್ದು ಖರೆ, ಆದ್ರ ಎಲ್ಲಾದಕ್ಕೂ ಹೂಂ ಅನ್ನೋ ಹುಚ್ಚಲ್ಲಾ. ಅವನ ಬಗ್ಗೆ ನಂದೊಂದು ಮತಾ ಅದ, ಅದನ್ನ ಹೇಳೇ ಬಿಡ್ತೀನಿ: ಈ ಮನಷ್ಯಾ ಬಾಯಿ ಮುಚ್ಕೊಂಡಾಗ ದೇವರಂಥಾಂವ. ಬಾಯಿ ಬಿಟ್ರ ಅರ್ಧಾ ಶಾಣ್ಯಾ, ಅರ್ಧಾ ಕಿಡಿಗೇಡಿ.

ಹುಟ್ಟಿದ್ದು 1940ರ ಡಿಸೆಂಬರ್ 21ಕ್ಕ, ಬಾಲ್ಟಿಮೋರ್ ಊರಾಗ. ಅಪ್ಪ ಇಟಲಿಯ ಸಿಸಿಲಿಯಿಂದ ಬಂದಾಂವ, ಸೈನ್ಯದ ಕೆಲಸದೊಳಗಿದ್ದ ರಸಾಯನಶಾಸ್ತ್ರದವ. ಇವ್ರ ಮನಿ ಇದ್ದ ಜಾಗಾದ ಹತ್ತರನ ಯುದ್ಧದ ವಿಷಗ್ಯಾಸಿನ ಕೋಠಿ. ಎಂದರೆ ಸೋರಿಗೀರಿದ್ರ ಇರಲಿ ಅಂತ ಮನ್ಯಾಗ ಎಲ್ಲಾರಿಗೂ ಒಂದೊಂದು ಗ್ಯಾಸ್ ಮಾಸ್ಕ್ ಗೂಟಕ್ಕ ಹಾಕಿರ್ತಿತ್ತಂತ. ನಾವು ಛತ್ರಿ ತೂಗ ಹಾಕ್ತೀವಲ್ಲಾ, ಹಂಗ. ಹುಡುಗಂಗ ದಮ್ಮು, ಕಿವಿ ನೋವು, ಮೂಗು ಕಟ್ಟೋದು. ಆಗಿನ ಡಾಕ್ಟ್ರು ಒಬ್ಬಾಂವ ತಂತಿ ತುದಿಗೆ ರೇಡಿಯಂ ಗುಳಿಗಿ ಸಿಗಿಸಿ ಕೂಸಿನ ಮೂಗಿನ್ಯಾಗ ತೂರಿಸಿದ್ನಂತ. ಓದಿ ನನ್ನ ಎದಿ ಝಲ್ ಅಂತು. ಮುಂದ ಅವನ ಹಾಡಿನೊಳಗ ಮೂಗು, ಗ್ಯಾಸು, ಔಷಧದ ಮಾತು ಇಣುಕ್ತಾವ ಅಂದ್ರ ಸುಮ್ನ ಅಲ್ಲಾ.

ಕೂಸಿನ ತಬ್ಬೇತಿ ಸುಧಾರಿಸ್ಲಿ ಅಂತ ಕ್ಯಾಲಿಫೋರ್ನಿಯಾಕ್ಕ ಹೋದ್ರು. ಅಲ್ಲಿ ಹುಡುಗಂಗ 13 ವರ್ಷ ಇದ್ದಾಗ ಒಂದು ಪತ್ರಿಕಾದಾಗ ಎಡ್ಗಾರ್ ವರೇಝ್ ಅನ್ನೋ ಸಂಗೀತಗಾರನ ರೆಕಾರ್ಡಿನ ಸುದ್ದಿ ಓದಿದಾ. ಬರೇ ಡ್ರಮ್ಮು, ಸೈರನ್ನು, ಗದ್ಲಾ, ಕೇಳ್ಲಿಕ್ಕಾಗಂಗಿಲ್ಲಾ ಅಂತ ಬರದಿದ್ರಂತ. ಹುಡುಗಂಗ ಅದ ಬೇಕಾತು! ವರ್ಷದ ಮ್ಯಾಲೆ ಹುಡುಕಿ ಕಡೀಕ ಒಂದು ಅಂಗಡ್ಯಾಗ ಸಿಕ್ತು. ಬೆಲಿ ಆರು ಡಾಲರಿಗೆ ಸ್ವಲ್ಪ ಕಡಿಮಿ, ಇವನ ಕಿಸೆದಾಗ ನಾಕು ಡಾಲರೂ ಇಲ್ಲಾ. ಅಂಗಡ್ಯಾಂವ "ಯಾರೂ ತಗೊಳಂಗಿಲ್ಲಾ, ಒಯ್ಯಿ" ಅನ್ನೋ ಹಂಗ ಇದ್ದಷ್ಟ ರೊಕ್ಕಕ್ಕ ಕೊಟ್ಟಾ.

ಮನ್ಯಾಗ ಇದ್ದದ್ದು ಒಂದ ರೆಕಾರ್ಡ್ ಪ್ಲೇಯರು, ಅದೂ ಪಡಸಾಲ್ಯಾಗ. ಅವರವ್ವ ರೋಜ್ ಮೇರಿ ಅಲ್ಲೇ ನಿಂತು ಇಸ್ತ್ರಿ ಮಾಡ್ತಿದ್ಲು. ಆ ರೆಕಾರ್ಡಿನ್ಯಾಗ 13 ಮಂದಿ ತಾಳವಾದ್ಯದವರು ಕೂಡಿ ಬಾರಿಸೋ ಒಂದು ರಚನಾ ಅದ, ಸೈರನ್ ಬ್ಯಾರೆ ಕೂಗ್ತದ. ಇಸ್ತ್ರಿ ಮಾಡೋವಾಗ ಆ ಸೈರನ್ ಕೇಳಿ ಅಕಿ ತಲಿ ಕೆಟ್ಟು ಹೋಗ್ತಿತ್ತಂತ. ಕಡೀಕ "ತಗೊಂಡ್ಹೋಗು ನಿನ್ನ ಖೋಲಿಗೆ" ಅಂತ ಪ್ಲೇಯರನ್ನ ಮಗನ ಖೋಲಿಗೆ ಸಾಗಿಸಿದ್ರು. ಅವ್ವ ಅಕೀ ಸಮಾಧಾನಕ್ಕ ಮಾಡಿದ್ದು, ಮಗನ ಜನ್ಮನ ಬದಲಾತು. ಈ ಕತಿ ಓದಿದ ಮ್ಯಾಲೆ ನಾನೂ ಡ್ರಮ್ಮನ್ನ ಹಿಂದಿನ ಖೋಲಿಗೆ ಸಾಗಿಸೀನಿ, ಗಮನಿಸಿರಬೇಕು ನೀವು.

ಇನ್ನೊಂದು ಸಂಗತಿ ನಂಗ ಭಾಳ ಸೇರ್ತದ. ಮಗನ 15ನೇ ಹುಟ್ಟಿದ ಹಬ್ಬಕ್ಕ ಐದು ಡಾಲರ್ ಖರ್ಚು ಮಾಡ್ತೀನಿ, ಏನ್ ಬೇಕು ಕೇಳು ಅಂದ್ಲು ಅವ್ವ. ಅವರಿಗೆ ಅದು ಸಣ್ಣ ರೊಕ್ಕ ಅಲ್ಲಾ. ಹುಡುಗ ಬೂಟು ಕೇಳಲಿಲ್ಲಾ, ಅಂಗಿ ಕೇಳಲಿಲ್ಲಾ. ನ್ಯೂಯಾರ್ಕಿನ್ಯಾಗಿರೋ ವರೇಝ್ ಅವರಿಗೆ ಒಂದು ಟ್ರಂಕ್ ಕಾಲ್ ಮಾಡಬೇಕು ಅಂದಾ. ಮಾಡಿದ್ರು. ಯಜಮಾನ್ರು ಊರಾಗಿರಲಿಲ್ಲಾ, ಬ್ರಸೆಲ್ಸಿಗೆ ಹೋಗಿದ್ರು. ಅವರ ಹೆಂಡತಿ ಲೂಯೀಸ್ ಫೋನ್ ಎತ್ತಿ ಈ ಅಪರಿಚಿತ ಹುಡುಗನ ಜೊತಿ ಸಮಾಧಾನದಿಂದ ಮಾತಾಡಿದ್ಲು. ಮುಂದ ವರೇಝ್ ಅವನಿಗೆ ಒಂದು ಪತ್ರಾನೂ ಬರದ್ರು. ಆ ಪತ್ರಕ್ಕ ಕಟ್ಟು ಹಾಕಿಸಿ ಜೀವ ಇರೋ ತನಕಾ ಇಟ್ಕೊಂಡಿದ್ದಾ. ಭೆಟ್ಟಿ ಮಾತ್ರ ಎಂದೂ ಆಗಲಿಲ್ಲಾ. ಒಬ್ಬ ಅವ್ವ ಐದು ಡಾಲರ್ ಕೊಟ್ಲು, ಇನ್ನೊಬ್ಬ ಹೆಣ್ಮಗಳು ಫೋನ್ ಇಡದ ಮಾತಾಡಿದ್ಲು. ಸಂಗೀತದ ಚರಿತ್ರಾ ಬರಿಯೋವ್ರು ಇಂಥಾದ್ದನ್ನ ಒಂದು ಸಾಲಿನ್ಯಾಗ ಮುಗಿಸಿ ಬಿಡ್ತಾರ.

ಸಂಗೀತ ಬರಿಯೋದನ್ನ ಅಂವಾ ದೊಡ್ಡ ಗುರುಗಳ ಕಡೆ ಕಲೀಲಿಲ್ಲಾ. ಲೈಬ್ರರಿ ಪುಸ್ತಕಾ ಓದಿ, ರೆಕಾರ್ಡ್ ಕೇಳಿ, ತಾನ ಬರದು ಬರದು ಕಲ್ತಾ. ಮೊದಲು ಡ್ರಮ್ಮು, ಆಮ್ಯಾಲೆ ಗಿಟಾರು. 1966ರಾಗ ಮದರ್ಸ್ ಆಫ್ ಇನ್ವೆನ್ಶನ್ ಅನ್ನೋ ತನ್ನ ತಂಡದ ಜೊತಿ ಮೊದಲನೇ ಆಲ್ಬಂ ತಂದಾ, ಫ್ರೀಕ್ ಔಟ್ ಅಂತ. ಮೊದಲನೇ ಸಲೆನ ಎರಡು ರೆಕಾರ್ಡಿನ ಜೋಡಿ! ಯಾವ ಕಂಪನಿನೂ ಹೊಸಬರಿಗೆ ಅಷ್ಟು ಜಾಗಾ ಕೊಡ್ತಿರಲಿಲ್ಲಾ. ಅದರೊಳಗ ಹಳೇ ಪ್ರೇಮದ ಹಾಡಿನ ಧಾಟಿ ಅದ, ಬ್ಲೂಸ್ ಅದ, ವರೇಝ್ ಗದ್ಲಾನೂ ಅದ. ಗಿರ್ಮಿಟ್ಟಿನೊಳಗ ಉಳ್ಳಾಗಡ್ಡಿ, ಹುಣಸಿಹಣ್ಣು, ಪುಠಾಣಿ ಹಿಟ್ಟು ಎಲ್ಲಾ ಬ್ಯಾರೆ ಬ್ಯಾರೆ ಗೊತ್ತಾಗ್ತಾವ, ಆದ್ರೂ ಕೂಡೇ ತಿಂತೀವಲ್ಲಾ, ಹಂಗ.

ಆಗ ಹಿಪ್ಪಿಗಳ ಕಾಲ. ಉದ್ದ ಕೂದಲಾ ನೋಡಿ ಇವನೂ ಹಿಪ್ಪಿ, ಗಾಂಜಾ ಗಿರಾಕಿ ಅಂತ ಎಲ್ಲಾರೂ ತಿಳ್ಕೊಂಡ್ರು. ತದ್ವಿರುದ್ಧ ನೋಡ್ರಿ! ಮಾದಕ ಪದಾರ್ಥ ಮುಟ್ತಿರಲಿಲ್ಲಾ, ತಂಡದಾಗ ಟೂರಿನ್ಯಾಗ ಯಾರರೆ ಸಿಕ್ಕ ಬಿದ್ರ ಮನಿಗೆ ಕಳಸ್ತಿದ್ದಾ. ಅವಂದು ಚಟಾ ಎರಡ, ಕಪ್ಪು ಕಾಫಿ ಮತ್ತ ಸಿಗರೇಟು. (ಸಿಗರೇಟು ಯಾವ ಲೆಕ್ಕದಾಗ ಚಟಾ ಅಲ್ಲಾ ಅಂತ ಅಂವಾ ವಾದಿಸ್ತಿದ್ದನೋ, ನಮ್ಮನಿ ಗಂಡಸ್ರ ಗತೆನ ಇರಬೇಕು.) 1968ರ ಆಲ್ಬಮ್ಮಿನ್ಯಾಗ ಅಂವಾ ಹಿಪ್ಪಿಗಳನ್ನೂ ಬಿಡಲಿಲ್ಲಾ, ಅವರಿಗೆ ಲಾಠಿ ಬೀಸೋ ಪೊಲೀಸರನ್ನೂ ಬಿಡಲಿಲ್ಲಾ, ಮಕ್ಕಳು ಎಲ್ಲಿ ಹೋದ್ವು ಅಂತ ನೋಡದ ಕುಡ್ಕೋತ ಕೂತ ಅಪ್ಪ ಅವ್ವನ್ನೂ ಬಿಡಲಿಲ್ಲಾ. ಬೀಟಲ್ಸಿನವರ ಸಾರ್ಜೆಂಟ್ ಪೆಪ್ಪರ್ ರೆಕಾರ್ಡಿನ ಹೊದಿಕಿ ಚಿತ್ರವನ್ನ ಅಣಕಿಸಿ ತನ್ನದೊಂದು ಮಾಡಿದಾ. ಎಲ್ಲಾರೂ ಒಂದ ಕಡೆ ಓಡೋವಾಗ ಇಂವಾ ನಡುವ ನಿಂತು "ಎತ್ತಾಗ ಓಡ್ಲಿಕ್ಕೆ ಹತ್ತೀರಿ?" ಅಂತ ಕೇಳೋ ಜಾತ್ಯಾಂವ. ಮದುವಿ ಮನ್ಯಾಗ ಇಂಥಾ ಒಬ್ಬ ಮಾಮಾ ಇರ್ತಾನ, ಎಲ್ಲಾರೂ ಅವನ್ನ ಬೈತಾರ, ಆದ್ರ ಊಟಕ್ಕ ಅವನ ಪಂಕ್ತಿಗೇ ಕೂಡ್ತಾರ.

ಅವನ ವಿನೋದಕ್ಕ ಒಂದು ಉದಾಹರಣಿ ಹೇಳ್ತೀನಿ. 1974ರಾಗ ಅವನ ಒಂದು ಹಾಡು ರೇಡಿಯೋದಾಗ ಭಾಳ ಓಡ್ತು. ಹಿಮದ ನಾಡಿನ ಒಬ್ಬ ಅವ್ವ ಮಗಂಗ ಬುದ್ಧಿ ಹೇಳ್ತಾಳ: ನಾಯಿಗೋಳು ಹೋಗೋ ಜಾಗಾದಾಗ ಹಳದಿ ಹಿಮಾ ಕಂಡ್ರ ತಿನ್ನಬ್ಯಾಡ. ಇಷ್ಟ! ಹಾಡು ಕೇಳಿದ್ರ ಭಾರೀ ವೀರಗಾಥಾ ಹೇಳಿದಂಗ ಗಂಭೀರ. ಒಬ್ಬ ಅವ್ವಗ ಅದು ನಗೀ ಮಾತಲ್ಲಾ, ದಿನಾ ಹೇಳೋ ಮಾತು. "ರಸ್ತಾದಾಗ ಬಿದ್ದದ್ದು ಬಾಯಾಗ ಹಾಕ್ಕೋಬ್ಯಾಡ" ಅಂತ ನಾವು ಎಷ್ಟು ವರ್ಷ ಹೇಳಿಲ್ಲಾ?

ಈಗ ಕಾಕು ಅನ್ನೋ ಆ ಭಾಂಡೆ ಸಪ್ಪಳದ ವಿಷಯಕ್ಕ ಬರ್ತೀನಿ. ಝಪ್ಪಾ ಬರದ ಒಂದು ರಚನಾದ ಹೆಸರು ದ ಬ್ಲ್ಯಾಕ್ ಪೇಜ್, ಅಂದ್ರ ಕರೀ ಹಾಳಿ. ಬಿಳೀ ಕಾಗದದ ಮ್ಯಾಲೆ ಸ್ವರಾ ಅಷ್ಟು ಒತ್ತೊತ್ತಾಗಿ ಬರದಾನ, ಹಾಳಿನ ಕರ್ರಗ ಕಾಣಸ್ತದ. ಮೊದಲು ಅದನ್ನ ಬರೇ ಡ್ರಮ್ಮಿಗೆ ಬರದಾ, ಟೆರ್ರಿ ಬೊಝಿಯೋ ಅನ್ನೋ ಡ್ರಮ್ಮರ್ ಸಲುವಾಗಿ. ಆಮ್ಯಾಲೆ ಅದಕ್ಕೊಂದು ರಾಗ ಕೂಡಿಸಿದಾ. ಡ್ರಮ್ ಕಲಿಯೋ ಹುಡುಗ್ರಿಗೆ ಅದು ಹತ್ತಲಾರದ ಗುಡ್ಡಾ. ನಮ್ಮ ಮಗಾ ಮೊದಲಿನ ಎರಡು ಸಾಲು ದಾಟಿಲ್ಲಾ. ಅಂದ್ರ ನಿಮಗ ಕೇಳಸೋ ಭಾಂಡೆ ಸಪ್ಪಳಾ ಝಪ್ಪಾಂದಲ್ಲಾ, ನಮ್ಮ ಮಗಂದು. ಝಪ್ಪಾನ ತಂಡ ಬಾರಿಸಿದ್ರ ಒಂದು ಸ್ವರಾನೂ ಚೆಲ್ಲಂಗಿಲ್ಲಾ. ಅದು ಹೆಂಗ ಅಂದ್ರ ತಾಲೀಮು. ಟೂರಿಗೆ ಮೊದಲು ದಿನಾ ತಾಸುಗಟ್ಲೆ, ವಾರಗಟ್ಲೆ. ಸ್ಟೇಜಿನ್ಯಾಗ ಅವರೆಲ್ಲಾ ಮಂಗನ ಆಟಾ ಆಡ್ತಾರ, ಅವನ ಬೆರಳು ಒಂದು ಸನ್ನಿ ಮಾಡಿದ್ರ ಕ್ಷಣದಾಗ ತಾಳ ಬದಲಾಗ್ತದ.

ಆ ತಂಡದಾಗ ಒಬ್ಬ ಹೆಣ್ಮಗಳಿದ್ಲು, ರೂತ್ ಅಂಡರ್‌ವುಡ್. ನ್ಯೂಯಾರ್ಕಿನ ಜೂಲಿಯರ್ಡ್ ಅನ್ನೋ ದೊಡ್ಡ ಸಂಗೀತ ಶಾಲಿಯೊಳಗ ಕಲ್ತಾಕಿ. ಮರೀಂಬಾ ಬಾರಸ್ತಿದ್ಲು, ನಮ್ಮ ಕಾಷ್ಠತರಂಗದಂಥಾ ವಾದ್ಯ. 1973-74ರ ರೆಕಾರ್ಡಿಂಗಿನ್ಯಾಗ ಅಕೀ ಕೈ ಕೇಳಬೇಕು ನೀವು, ಒಗ್ಗರಣ್ಯಾಗ ಸಾಸಿವಿ ಸಿಡಿಧಂಗ ಚಟಪಟ ಚಟಪಟ, ಒಂದೊಂದು ಕಾಳೂ ಬ್ಯಾರೆ. 2020ರಾಗ ಅಲೆಕ್ಸ್ ವಿಂಟರ್ ಅನ್ನೋವ್ರು ಝಪ್ಪಾನ ಮ್ಯಾಲೆ ಒಂದು ಸಾಕ್ಷ್ಯಚಿತ್ರ ಮಾಡ್ಯಾರ. ಅದರೊಳಗ ರೂತ್ ವಯಸ್ಸಾದಾಕಿ ಆಗಿ ಅವನ ಬಗ್ಗೆ ಮಾತಾಡ್ತಾಳ. ಆ ಮಾತಿನ್ಯಾಗ ಸಿಟ್ಟೂ ಅದ, ಮಾಯಾನೂ ಅದ. ಝಪ್ಪಾನ ಅರ್ಥ ಮಾಡ್ಕೊಳ್ಳಿಕ್ಕೆ ಅಷ್ಟ ಸಾಕು ಅನಿಸ್ತು ನಂಗ.

ಮತ್ತ ನಮ್ಮ ಕಡೇ ಸಂಬಂಧಾನೂ ಒಂದದ. 1978ರಾಗ ಝಪ್ಪಾ ನ್ಯೂಯಾರ್ಕಿನ್ಯಾಗ ಕಚೇರಿ ಮಾಡಿದಾಗ ಅವನ ಜೊತಿ ಪಿಟೀಲು ಬಾರಿಸಿದವರು ಎಲ್. ಶಂಕರ್. 13 ಮಾತ್ರಾದ ತಾಳದಾಗ ಬಾರಿಸಿದ್ರು, ಝಪ್ಪಾ ಮೊದಲು ಪ್ರೇಕ್ಷಕರಿಗೆ ಆ 13ನ್ನ ಚಪ್ಪಾಳಿ ತಟ್ಟಿ ಎಣಿಸೋದು ಕಲಿಸಿದಾ! ರಾಕ್ ಕೇಳ್ಲಿಕ್ಕೆ ಬಂದ ಹುಡುಗ್ರಿಗೆ ತಾಳದ ಪಾಠಾ. ಮುಂದಿನ ವರ್ಷ ಶಂಕರ್ ಅವರ ಟಚ್ ಮಿ ದೇರ್ ಅನ್ನೋ ಆಲ್ಬಂ ತಯಾರು ಮಾಡಿದಾಂವನೂ ಝಪ್ಪಾನ. ಈ ಎಲ್. ಶಂಕರ್ ಯಾರಂತೀರಿ? ಎಲ್. ವೈದ್ಯನಾಥನ್ ಅವರ ತಮ್ಮ. ವೈದ್ಯನಾಥನ್ ಯಾರಂದ್ರ ಶಂಕರ್ ನಾಗ್ ಅವರ ಮಾಲ್ಗುಡಿ ಡೇಸಿಗೆ ಸಂಗೀತ ಕೊಟ್ಟವರು. ಆ ಧಾಟಿ ಗುಣುಗುಣಿಸದ ಮನಿ ನಮ್ಮ ಕಡೆ ಯಾವದದ ಹೇಳ್ರಿ. ಅಣ್ಣ ಆಗುಂಬೆದಾಗ ತಗದ ಧಾರಾವಾಹಿಗೆ ರಾಗ ಕೂಡಿಸಿದಾ, ತಮ್ಮ ಝಪ್ಪಾನ ಬಾಜೂಕ ನಿಂತು ಪಿಟೀಲು ಬಾರಿಸಿದಾ. ನಂಗಂತೂ ಇದು ಗೊತ್ತಾದ ದಿನಾ ಝಪ್ಪಾ ಬೀಗರ ಪೈಕಿ ಅನಿಸಿಬಿಟ್ಟಾ.

ಕಷ್ಟಾನೂ ಕಡಿಮಿ ಬರಲಿಲ್ಲಾ. 1971ರ ಡಿಸೆಂಬರ್ 4ಕ್ಕ ಸ್ವಿಟ್ಜರ್ಲೆಂಡಿನ ಮೊಂಟ್ರೋ ಊರಾಗ ಇವ್ರ ಕಚೇರಿ ನಡದಾಗ ಯಾವನೋ ಬಾಣ ಹಾರಿಸಿ ಛತ್ತಿಗೆ ಬೆಂಕಿ ಹತ್ತಿ ಇಡೀ ಕ್ಯಾಸಿನೋ ಸುಟ್ಟು ಹೋತು. ವಾದ್ಯಗಳೆಲ್ಲಾ ಬೂದಿ. ಡೀಪ್ ಪರ್ಪಲ್ ಅನ್ನೋ ತಂಡದವರ ನೀರಿನ ಮ್ಯಾಲಿನ ಹೊಗಿ ಹಾಡು, ಗಿಟಾರ್ ಕಲಿಯೋ ಪ್ರತಿಯೊಬ್ಬ ಹುಡುಗನೂ ಮೊದಲು ಬಾರಸ್ತಾನಲ್ಲಾ, ಅದು ಇದ ಬೆಂಕಿದು. ಆರು ದಿನ ಬಿಟ್ಟು ಲಂಡನ್ನಿನ್ಯಾಗ ಒಬ್ಬಾಂವ ಸ್ಟೇಜ್ ಹತ್ತಿ ಝಪ್ಪಾನ್ನ ಕೆಳಗಿನ ತಗ್ಗಿಗೆ ನೂಕಿದಾ. ಕಾಲು ಮುರೀತು, ಗಂಟಲಾ ಜಜ್ಜಿ ಹೋತು, ತಿಂಗಳುಗಟ್ಲೆ ಗಾಲಿ ಕುರ್ಚಿ. ಗಂಟಲಾ ವಾಸಿ ಆದ ಮ್ಯಾಲೆ ದನಿ ದಪ್ಪಾಗಿ ಕೆಳಗಿಳೀತು. ಆ ಕುರ್ಚ್ಯಾಗ ಕೂತ ಎರಡು ಆಲ್ಬಮ್ಮಿಗಾಗೋ ಅಷ್ಟು ದೊಡ್ಡ ವಾದ್ಯವೃಂದದ ಸಂಗೀತ ಬರದಾ.

ಇಲ್ಲೀ ತನಕಾ ಹೊಗಳಿದೆ. ಈಗ ಮನಿ ಒಳಗ ಹೋಗೋಣು, ಯಾಕಂದ್ರ ನಾವು ಹೆಣ್ಮಕ್ಕಳು ಅಲ್ಲಿ ನೋಡದ ಬಿಡಂಗಿಲ್ಲಾ.

ಹೆಂಡತಿ ಗೇಲ್. ನಾಕು ಮಕ್ಳು: ಮೂನ್ ಯುನಿಟ್, ಡ್ವೀಝಿಲ್, ಅಹ್ಮೆಟ್, ದೀವಾ. ಡ್ವೀಝಿಲ್ ಅನ್ನೋದು ಗೇಲ್‌ನ ಸೊಟ್ಟ ಕಿರುಬೆರಳಿಗೆ, ಅದೂ ಕಾಲಿನ ಕಿರುಬೆರಳಿಗೆ, ಝಪ್ಪಾ ಇಟ್ಟ ಮುದ್ದಿನ ಹೆಸರು! ಅದನ್ನ ಮಗಂಗ ಇಟ್ರು. ದವಾಖಾನಿಯವರು ಆ ಹೆಸರು ಬರಕೊಳ್ಳಂಗಿಲ್ಲಾ ಅಂದ್ರು, ಸರಿ ಅಂತ ತನ್ನ ಗೆಳೆಯರ ಹೆಸರೆಲ್ಲಾ ಸಾಲಾಗಿ ಬರಿಸಿದಾ. ಮುಂದ ಹುಡುಗ ಐದು ವರ್ಷದಾಂವ ಇದ್ದಾಗನ ತಾನ ಹಟಾ ಮಾಡಿ ಕೋರ್ಟಿನ್ಯಾಗ ಡ್ವೀಝಿಲ್ ಅಂತ ಮಾಡಿಸ್ಕೊಂಡಾ. ನಾವು ನಾಮಕರಣದಾಗ ಅತ್ಯಾ ಕಿವ್ಯಾಗ ಐದು ಹೆಸರು ಊದ್ತೀವಿ, ಅವರದೂ ಅಷ್ಟ ಆತು.

ಮನಿ ತಳದಾಗನ ಸ್ಟುಡಿಯೋ ಕಟ್ಟಿಸಿದಾ. ಅದಕ್ಕ ಹೆಸರು ಯುಟಿಲಿಟಿ ಮಫಿನ್ ರಿಸರ್ಚ್ ಕಿಚನ್. ಹೆಸರಿಗೆ ಅಡಿಗಿಮನಿ, ಆದ್ರ ಖರೇ ಅಡಿಗಿಮನಿ ಮ್ಯಾಲೆ ಗೇಲ್ ನಡಸ್ತಿದ್ಲು. ಅಡಿಗಿಮನಿ ಅಷ್ಟ ಅಲ್ಲಾ, ರೆಕಾರ್ಡ್ ಮಾರೋ ವ್ಯವಹಾರಾ, ವಕೀಲರು, ಲೆಕ್ಕಾ, ಎಲ್ಲಾ ಅಕೀದ ಮೈಮ್ಯಾಲೆ. ಅಂವಾ ಟೂರಿನ್ಯಾಗಿರ್ತಿದ್ದಾ, ಊರಾಗಿದ್ರ ರಾತ್ರಿ ಎಲ್ಲಾ ಸ್ಟುಡಿಯೋ, ಹಗಲು ನಿದ್ದಿ. ಹೊರಗ ಹೆಂಗಸ್ರ ಸಂಬಂಧಾನೂ ಇದ್ವು, ಅದನ್ನ ಮುಚ್ಚಿಟ್ಟಾಂವೂ ಅಲ್ಲಾ. 60ಕ್ಕಿಂತ ಹೆಚ್ಚು ಆಲ್ಬಂ ಬಂದ್ವು, ಹೌದು. ಅಷ್ಟು ವ್ಯಾಳ್ಯಾ ಒಬ್ಬ ಗಂಡಸಿಗೆ ಎಲ್ಲಿಂದ ಸಿಕ್ತು ಅನ್ನೋದು ನಮಗ ಯಾರೂ ಬಿಡಿಸಿ ಹೇಳಬೇಕಾಗಿಲ್ಲಾ.

ದೊಡ್ಡ ಮಗಳು ಮೂನ್ ಹದಿಮೂರು ಹದಿನಾಕರ ಆಸುಪಾಸಿನ್ಯಾಗ ಅಪ್ಪನ ಸ್ಟುಡಿಯೋ ಬಾಗಲಾ ಕೆಳಗ ಒಂದು ಚೀಟಿ ಸರಿಸಿದ್ಲು. ನಾ ಇಂಥಾಕಿ, ನನ್ನ ವಯಸ್ಸು ಇಷ್ಟು, ನಿಮ್ಮ ಹಾಡಿನ್ಯಾಗ ಹಾಡೋ ಆಶಾ ಅದ, ಅಂತ ಪರಿಚಯ ಮಾಡ್ಕೊಂಡು! ಒಂದ ಮನ್ಯಾಗಿರೋ ಅಪ್ಪಗ. ಮಂದಿ ಇದನ್ನ ನಗೀ ಸುದ್ದಿ ಅಂತ ಹೇಳ್ತಾರ. ನಾ ಓದಿದಾಗ ಕೈಯಾಗಿನ ಕೆಲಸಾ ನಿಂತಿತು.

ಒಂದು ರಾತ್ರಿ ಅಪ್ಪ ಅಕೀನ್ನ ನಿದ್ದಿಯಿಂದ ಎಬ್ಬಿಸಿ ಮೈಕಿನ ಮುಂದ ನಿಲ್ಲಿಸಿದಾ. ಅವರ ಊರಿನ ಶ್ರೀಮಂತ ಬಡಾವಣಿ ಹುಡುಗ್ಯಾರು ಮಾಲಿನ್ಯಾಗ ತಿರುಗ್ಯಾಡ್ಕೋತ ಮೂಗಿನ್ಯಾಗ ಎಳದೆಳದು ಮಾತಾಡೋದನ್ನ ಅಣಕಿಸು ಅಂದಾ. ಅಕಿ ಅಣಕಿಸಿದ್ಲು. 1982ರಾಗ ಬಂದ ಆ ವ್ಯಾಲಿ ಗರ್ಲ್ ಹಾಡು ಅವನ ಎಲ್ಲಾ ಹಾಡಿನೊಳಗ ಅಮೆರಿಕಾದ ಪಟ್ಟಿಯೊಳಗ ಅತಿ ಮ್ಯಾಲೆ ಹೋತು, 32ನೇ ಜಾಗಾಕ್ಕ. ಜೀವನಾನೆಲ್ಲಾ ಕರೀ ಹಾಳಿ ಬರದಾಂವಗ ಗೆಲುವು ತಂದದ್ದು ಮಗಳ ಚಾಷ್ಟಿ. ಅಣಕಿಸ್ಲಿಕ್ಕೆ ಮಾಡಿದ್ದು ಉಲ್ಟಾ ಆಗಿ ದೇಶದ ಹುಡುಗ್ಯಾರೆಲ್ಲಾ ಹಂಗ ಮಾತಾಡ್ಲಿಕ್ಕೆ ಹತ್ತಿದ್ರಂತ. ಮೂನ್ 2024ರಾಗ ತನ್ನ ಆತ್ಮಕಥಿ ತಂದಾಳ. ಅಪ್ಪನ ಮ್ಯಾಲೆ ಪ್ರೀತಿ, ಅವ್ವನ ಮ್ಯಾಲೆ ಸಿಟ್ಟು, ಅವ್ವ ಸತ್ತ ಮ್ಯಾಲೆ ಆಸ್ತಿಯೊಳಗ ಇಬ್ಬರಿಗೆ 30 ಪರ್ಸೆಂಟು, ಇಬ್ಬರಿಗೆ 20 ಅಂತ ಪಾಲು ಮಾಡಿ ಹೋದದ್ದಕ್ಕ ಒಡಹುಟ್ಟಿದವರು ಬ್ಯಾರೆ ಆದದ್ದು, ಎಲ್ಲಾ ಅದರಾಗ ಅದ. ಹಾಲಿವುಡ್ ಆದ್ರೇನು, ಹುಬ್ಬಳ್ಳಿ ಆದ್ರೇನು.

ಇನ್ನ ಅವನ ಮಾತು. ಹೆಂಗಸರ ಬಗ್ಗೆ ಬರದ ಎಷ್ಟೋ ಹಾಡು ನಾ ಕೇಳಲಾರೆ. ವಿಡಂಬನಾ ಅಂತಾರ, ಎಲ್ಲಾರನ್ನೂ ಹಂಗ ಬೈದಾನ ಅಂತಾರ. ಇರಬಹುದು. ಆದ್ರ ದೊಡ್ಡವರ ಕುರ್ಚಿ ಎಳಿಯೋದು ಬ್ಯಾರೆ, ಟೂರಿನ್ಯಾಗ ಹಿಂದಿಂದ ಬರೋ ಎಳೇ ಹುಡುಗ್ಯಾರನ್ನ ನಗೀಗೆ ಇಡೋದು ಬ್ಯಾರೆ. ಮೊದಲನೇದು ಧೈರ್ಯ, ಎರಡನೇದಕ್ಕ ಏನ್ ಧೈರ್ಯ ಬೇಕು? 1979ರ ಒಂದು ಹಾಡಿಗೆ ಯಹೂದಿ ಸಂಘಟನಾದವರು ಸಿಟ್ಟಾದ್ರು, ಅಂವಾ ಕ್ಷಮಾ ಕೇಳಲಿಲ್ಲಾ. ಈ ವಿಷಯದಾಗ ನಾ ಅವನ ಪಕ್ಷ ಹಿಡ್ಯಂಗಿಲ್ಲಾ.

ಆದ್ರ 1985ರ ಸೆಪ್ಟೆಂಬರ್ 19ಕ್ಕ ನಾ ಎರಡೂ ಪಕ್ಷದಾಗಿದ್ದೀನಿ! ಆ ದಿನಾ ಅಮೆರಿಕಾದ ಸೆನೆಟ್ಟಿನ್ಯಾಗ ವಿಚಾರಣಾ. ವಾಷಿಂಗ್ಟನ್ನಿನ ದೊಡ್ಡ ದೊಡ್ಡ ಮನಿ ಹೆಣ್ಮಕ್ಕಳು ಒಂದು ಸಂಘಾ ಕಟ್ಟಿದ್ರು: ಸೆನೆಟರ್ ಆಲ್ ಗೋರ್ ಹೆಂಡತಿ ಟಿಪ್ಪರ್ ಗೋರ್, ಖಜಾನಿ ಮಂತ್ರಿ ಜೇಮ್ಸ್ ಬೇಕರ್ ಹೆಂಡತಿ ಸೂಸನ್ ಬೇಕರ್, ಮತ್ತ ಉಳದವರು. ಟಿಪ್ಪರ್ ಮಗಳಿಗೆ 11 ವರ್ಷ, ಪ್ರಿನ್ಸ್ ಅನ್ನೋ ಗಾಯಕನ ರೆಕಾರ್ಡ್ ಮನಿಗೆ ಬಂತು, ಅದರಾಗಿನ ಒಂದು ಹಾಡು ಕೇಳಿ ಅವ್ವ ದಂಗಾದ್ಲು. ಹೊಲಸು ಹಾಡಿನ ರೆಕಾರ್ಡಿಗೆ ಎಚ್ಚರಿಕಿ ಚೀಟಿ ಹಚ್ಚರಿ ಅನ್ನೋದು ಅವರ ಬೇಡಿಕಿ. ಇದರಾಗ ನಂಗ ತಪ್ಪು ಕಾಣಸಂಗಿಲ್ಲಾ. ಹುಡುಗ್ರ ಕೈಯಾಗಿನ ಫೋನಿನ್ಯಾಗ ಏನ್ ಓಡ್ತದ ಅಂತ ನಮಗೂ ಎದಿ ಢವಗುಡ್ತದಲ್ಲಾ.

ಝಪ್ಪಾ ಕೂದಲಾ ಕತ್ತರಿಸ್ಕೊಂಡು, ಕೋಟು ಹಾಕ್ಕೊಂಡು ಹೋಗಿ ಸಾಕ್ಷಿ ಹೇಳಿದಾ. ಅವನ ಹಾಡಿನ ಮ್ಯಾಲೆ ಆರೋಪ ಇರಲಿಲ್ಲಾ, ಕರೀದನ ಹೋದಂಗ. ಅಂವಾ ಹೇಳಿದ ಸಾರ ಇಷ್ಟು: ಕೂಸಿಗೆ ಯಾವದು ಛಲೋ ಯಾವದು ಕೆಟ್ಟದು ಅಂತ ಸರಕಾರದವರ ಭಯಕ್ಕ ಕಂಪನಿಯವರು ನಿರ್ಧಾರ ಮಾಡಬಾರದು, ಅದು ಅಪ್ಪ ಅವ್ವನ ಕೆಲಸಾ. ಹಾಡಿನ ಮಾತೆಲ್ಲಾ ರೆಕಾರ್ಡಿನ ಜೊತಿ ಅಚ್ಚು ಹಾಕಿ ಕೊಡ್ರಿ, ಓದಿ ಅವರ ತಗೊಳ್ಳಿ ಬಿಡ್ಲಿ. ನೋಡ್ರಿ, ಈ ಮಾತು ಒಪ್ಪಲೇ ಬೇಕು. ಚೀಟಿ ಬಂತು, ನವೆಂಬರದಾಗ ಕಂಪನಿಗಳು ಒಪ್ಪಿಕೊಂಡ್ವು. ಚೀಟಿ ಇದ್ದದ್ದನ್ನ ಹುಡುಗ್ರು ಹುಡುಕಿ ಹುಡುಕಿ ತಗೊಂಡಿರಬೇಕು. ನಮ್ಮನ್ಯಾಗ ನಾ ಝಪ್ಪಾನ ಸಲಹಾನ ಝಪ್ಪಾನ ಮ್ಯಾಲೆ ಹಚ್ಚೀನಿ. ಮಗಂಗ ಹೇಳೀನಿ, ಮಾತಿಲ್ಲದ ಸಂಗೀತ ಎಷ್ಟರೆ ಕೇಳು. ಮಾತಿದ್ದ ಹಾಡು ಹಚ್ಚಬೇಕಾದ್ರ ಮಾತು ತಂದು ನಂಗ ಓದಿ ಹೇಳು. ಅರ್ಧಕ್ಕರ್ಧಾ ಹಾಡು ಅಂವಾ ತಾನ ಬಿಟ್ಟಾನ. ಅವ್ವನ ಮುಂದ ಓದಲಾರದ ಹಾಡು ಅಂತ ಬ್ಯಾರೆ ಚೀಟಿ ಹಚ್ಚಬೇಕಾಗಂಗಿಲ್ಲಾ.

ಈ ಜಗಳದ ಬಾಲಾ ಕೇಳ್ರಿ. ಟಿಪ್ಪರ್ ಗೋರ್ ಸ್ವತಾ ಹರೇದಾಗ ಹುಡುಗ್ಯಾರ ತಂಡದಾಗ ಡ್ರಮ್ ಬಾರಿಸಿದಾಕಿ. 1999ರಾಗ ಝಪ್ಪಾನ ಸಣ್ಣ ಮಗಳು ದೀವಾ ಒಂದು ಹಾಡು ಮಾಡಿದ್ಲು, ಅದಕ್ಕ ಡ್ರಮ್ ಬಾರಿಸಿದಾಕಿ ಇದ ಟಿಪ್ಪರ್! ಗಂಡಸ್ರು ಜಗಳಾಡಿದ್ರ ಎರಡು ತಲಿಮಾರು ಮಾತು ಬಿಡ್ತಾರ.

ಇನ್ನೊಂದು ಬಾಲಾನೂ ಅದ. ಚೆಕ್ ದೇಶದಾಗ ರಷ್ಯಾದ ಹಿಡಿತ ಇದ್ದಾಗ ಪ್ರಾಗ್ ಊರಿನ ಹುಡುಗ್ರು ಝಪ್ಪಾನ ಹಾಡಿನ ಹೆಸರು ತಗೊಂಡು ಪ್ಲಾಸ್ಟಿಕ್ ಪೀಪಲ್ ಅಂತ ತಂಡಾ ಕಟ್ಟಿದ್ರು. 1976ರಾಗ ಅವರನ್ನ ಜೇಲಿಗೆ ಹಾಕಿದ್ರು, ಅದಕ್ಕ ಸಿಟ್ಟೆದ್ದು ನಾಟಕಕಾರ ವಾತ್ಸ್ಲಾವ್ ಹಾವೆಲ್ ಮತ್ತ ಗೆಳೆಯರು ಚಾರ್ಟರ್ 77 ಅನ್ನೋ ಚಳವಳಿ ಮಾಡಿದ್ರು. ಸರಕಾರ ಬಿತ್ತು, ಹಾವೆಲ್ ಅಧ್ಯಕ್ಷರಾದ್ರು. 1990ರಾಗ ಝಪ್ಪಾ ಪ್ರಾಗ್‌ಗೆ ಹೋದ್ರ ವಿಮಾನ ನಿಲ್ದಾಣದಾಗ ಜಾತ್ರಿ. ಹಾವೆಲ್ ಅವನ್ನ ವ್ಯಾಪಾರ, ಸಂಸ್ಕೃತಿಗೆ ತಮ್ಮ ದೇಶದ ಪ್ರತಿನಿಧಿ ಅಂತ ಮಾಡಿದ್ರು. ಸ್ವಲ್ಪ ದಿವಸದಾಗ ಆ ನೇಮಕ ತಣ್ಣಗಾತು. ಅಮೆರಿಕಾದ ವಿದೇಶಾಂಗ ಮಂತ್ರಿ ಒತ್ತಡ ಹಾಕಿದ್ರು ಅಂತ ಸುದ್ದಿ ಆತು. ಮಂತ್ರಿ ಯಾರು? ಜೇಮ್ಸ್ ಬೇಕರ್. ಸೂಸನ್ ಬಾಯಿಯವರ ಯಜಮಾನ್ರು!

ಅದ ವರ್ಷ ಪ್ರೋಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾತು. ಭಾಳ ವರ್ಷದಿಂದ ಒಳಗ ಬೆಳದಿತ್ತು, ಕೈ ಮೀರಿತ್ತು. (ನಿಮ್ಮನಿ ಗಂಡಸ್ರು ಐವತ್ತು ದಾಟಿದ್ರ ಡಾಕ್ಟ್ರ ಕಡೆ ಒಮ್ಮೆ ಅಟ್ಟರಿ, "ನಂಗೇನಾಗೇದ" ಅಂತಾರ, ಬಿಡಬ್ಯಾಡ್ರಿ.) ಆಗ ಅಂವಾ ಮನ್ಯಾಗ ಸಿಂಕ್ಲೇವಿಯರ್ ಅನ್ನೋ ಕಂಪ್ಯೂಟರ್ ವಾದ್ಯದ ಮುಂದ ಕೂತು ದಿನಾ ಬರೀತಿದ್ದಾ. ಆ ಯಂತ್ರಕ್ಕ ಅಂವಾ ಮನಸೋತದ್ದಕ್ಕ ಕಾರಣಾನೂ ಅದ. 1983ರಾಗ ತನ್ನ ಸ್ವಂತ ರೊಕ್ಕ ಸುರದು ಲಂಡನ್ ಸಿಂಫನಿ ಆರ್ಕೆಸ್ಟ್ರಾದವರ ಕೈಲೆ ತನ್ನ ಸಂಗೀತ ರೆಕಾರ್ಡ್ ಮಾಡಿಸಿದ್ದಾ, ತಪ್ಪು ತಿದ್ದಿ ತಿದ್ದಿ ಬ್ಯಾಸತ್ತಿದ್ದಾ. ಯಂತ್ರಾ ತಪ್ಪು ಮಾಡಂಗಿಲ್ಲಾ, ಚಹಾಕ್ಕ ಎದ್ದು ಹೋಗಂಗಿಲ್ಲಾ. ಹೆಚ್ಚು ಕಡಿಮಿ ಅದರ ಮ್ಯಾಲೆನ ಮಾಡಿದ ಜಾಝ್ ಫ್ರಮ್ ಹೆಲ್ ಆಲ್ಬಮ್ಮಿಗೆ ಗ್ರ್ಯಾಮಿ ಬಂತು. ನಂಗ ಅದು ಅಷ್ಟು ಸೇರಂಗಿಲ್ಲಾ, ಮನಷ್ಯಾರ ಉಸಿರು ಅದರಾಗಿಲ್ಲಾ.

ಖರೇ ಸಮಾಧಾನ ಅವಂಗ ಕಡೇ ವರ್ಷ ಸಿಕ್ತು. ಜರ್ಮನಿಯ ಎನ್ಸೆಂಬಲ್ ಮಾಡರ್ನ್ ಅನ್ನೋ ತಂಡದ ಹುಡುಗ್ರು ಹುಡುಗ್ಯಾರು ಅವನ ಸಂಗೀತವನ್ನ ಅಂವಾ ಬರದಂಗನ, ಒಂದು ಚುಕ್ಕಿ ಬಿಡದ ಕಲ್ತ್ರು. 1992ರ ಸೆಪ್ಟೆಂಬರದಾಗ ಫ್ರ್ಯಾಂಕ್‌ಫರ್ಟಿನ್ಯಾಗ ಕಚೇರಿ ಆತು. ರೋಗದಿಂದ ಸೋತ ಮನಷ್ಯಾ ಎದ್ದು ನಿಂತು ಕೆಲವು ರಚನಾ ತಾನ ನಡಿಸಿದಾ. ಆ ವಿಡಿಯೋದಾಗ ಅವನ ಮಾರಿ ನೋಡ್ರಿ, ಮಗಳ ಲಗ್ನದಾಗ ಅಕ್ಕಿಕಾಳು ಬಿದ್ದ ಕ್ಷಣದ ಅಪ್ಪನ ಮಾರಿ. ಆ ಯೆಲ್ಲೋ ಶಾರ್ಕ್ ಆಲ್ಬಂ 1993ರ ನವೆಂಬರದಾಗ ಬಂತು. ಡಿಸೆಂಬರ್ 4ಕ್ಕ ಅಂವಾ ಹೋದಾ, ಮೊಂಟ್ರೋ ಬೆಂಕಿ ಹತ್ತಿದ ತಾರೀಖು, 22 ವರ್ಷ ಬಿಟ್ಟು. ಇನ್ನ 53 ತುಂಬಿರಲಿಲ್ಲಾ. ಸಂಯೋಜಕ ಫ್ರ್ಯಾಂಕ್ ಝಪ್ಪಾ ಕಡೇ ಟೂರಿಗೆ ಹೊರಟ ಅಂತ ಮನಿಯವರು ತಿಳಿಸಿದ್ರು. ಲಾಸ್ ಏಂಜಲಿಸಿನ್ಯಾಗ ಅವನ ಗೋರಿ ಮ್ಯಾಲೆ ಹೆಸರಿನ ಕಲ್ಲು ಇಲ್ಲಾ.

ಕಾಕು, ವೈನಿ, ನಿಮಗ ಕೇಳೋ ಮನಸಾದ್ರ ಮಾತಿನ ಹಾಡಿನಿಂದ ಶುರು ಮಾಡಬ್ಯಾಡ್ರಿ. 1979ರ ಜೋಸ್ ಗರಾಜ್ ಅನ್ನೋ ಕತಿಯೊಳಗ ಸರಕಾರ ಸಂಗೀತಾನ ಬಂದ್ ಮಾಡಿರ್ತದ. ಗಿಟಾರೂ ಇಲ್ಲದ ಹುಡುಗ ಮನಸಿನ್ಯಾಗ ತನ್ನ ಕಡೇ ಗಿಟಾರ್ ಬಾರಸ್ತಾನ. ಆ ರಚನಾದ ಹೆಸರು ವಾಟರ್‌ಮೆಲನ್ ಇನ್ ಈಸ್ಟರ್ ಹೇ. ಹೆಸರಿಗೆ ಅರ್ಥ ಹುಡುಕಬ್ಯಾಡ್ರಿ. ಒಂಬತ್ತು ಮಾತ್ರಾದ ತಾಳ ನಿಧಾನ ತಿರುಗ್ತದ, ಅದರ ಮ್ಯಾಲೆ ಗಿಟಾರು. ಒಂದು ಕುಹಕ ಇಲ್ಲಾ, ಅಣಕ ಇಲ್ಲಾ. ಇಷ್ಟು ಮಂದೀನ್ನ ಚುಚ್ಚಿದಾಂವನ ಹತ್ತರ ಇದೂ ಇತ್ತಾ ಅಂತ ನಾ ಮೊದಲನೇ ಸಲೆ ಕೇಳಿದಾಗ ಮಡಚೋ ಅರಿವಿ ಹಂಗ ತೊಡಿ ಮ್ಯಾಲೆ ಇಟ್ಕೊಂಡು ಕೂತೆ. ಅದು ಒಂಬತ್ತು ನಿಮಿಷ ಅದ, ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ಕೇಳ್ರಿ.

ಹಗಲು ಕೇಳೋದಿದ್ರ 1969ರ ಹಾಟ್ ರ್ಯಾಟ್ಸ್ ಆಲ್ಬಮ್ಮಿನ ಮೊದಲನೇದು, ಪೀಚಸ್ ಎನ್ ರೆಗಾಲಿಯಾ. ಅಂವಾ ಆ ಆಲ್ಬಮ್ಮನ್ನ ಆಗಷ್ಟ ಹುಟ್ಟಿದ್ದ ಡ್ವೀಝಿಲ್‌ಗೆ ಅರ್ಪಣಾ ಮಾಡ್ಯಾನ. ಹಬ್ಬದ ದಿನಾ ಮನಿ ತುಂಬ ಮಂದಿ ಬಂದಂಗ ಒಂದಾದ ಮ್ಯಾಲೊಂದು ವಾದ್ಯ ಬರ್ತಾವ. ಮೂರೂವರಿ ನಿಮಿಷ ಚಿಲ್ಲರೆ ಅಷ್ಟ, ಬ್ಯಾಳಿ ಕುಕ್ಕರಿಗೆ ಹಾಕಿ ಹಚ್ಚರಿ, ಮೊದಲನೇ ಸೀಟಿ ಹೊಡಿಯೋದ್ರೊಳಗ ಮುಗೀತದ.